ಕೊಯ್ಯಲಾರದವರಿಗೆ ತೇಲುಗಿಡ ಬೇಡ

ಹಿತ್ತಲಲ್ಲೊಂದು ತೊಟ್ಟಿ ಕಟ್ಟಿಸಿ ನಾಲ್ಕಾರು ಮೀನು ಬಿಟ್ಟವರಿಗೆ ಪುಕ್ಕಟೆಯಾಗಿ ಸಿಗುವ ಮೊದಲ ಸಲಹೆ ಇದು: "ಮೇಲೆ ಒಂದಿಷ್ಟು ತೇಲೋ ಗಿಡ ಬಿಡಿ ಸಾರ್. ಮೀನಿಗೆ ಆಕ್ಸಿಜನ್ ಸಿಗುತ್ತೆ, ನೀರೂ ತಾನಾಗೇ ಕ್ಲೀನ್ ಆಗುತ್ತೆ." ನರ್ಸರಿಯವರು ಹೀಗೆ ಹೇಳಿ ಮಾರುತ್ತಾರೆ. ಕೊಂಡವರು ಗಿಡ ಹೆಚ್ಚಾದಾಗ ಪಕ್ಕದ ಮನೆಯವರಿಗೆ ಒಂದು ಬಕೆಟ್ ಕೊಟ್ಟು ಅದೇ ಮಾತನ್ನು ದಾಟಿಸುತ್ತಾರೆ. ಇದರಲ್ಲಿ ಆಕ್ಸಿಜನ್ನಿನ ಮಾತು ತಪ್ಪು, ಕ್ಲೀನಿನ ಮಾತು ಅರ್ಧ ನಿಜ. ಉಳಿದರ್ಧ ತಿಳಿಯದೆ ಬೆಳೆಸಿದವರ ತೊಟ್ಟಿ ಒಂದೆರಡು ಮಳೆಗಾಲದೊಳಗೆ ಕೊಳೆತ ಸೊಪ್ಪಿನ ಗುಂಡಿಯಾಗುತ್ತದೆ. ತೇಲುಗಿಡ ಅಂದರೆ ಬಾಳೆ, ಬಸಳೆಯ ಹಾಗೆ ಒಂದು ಬೆಳೆ. ವಾರವಾರ ಕೊಯ್ದು, ಕೊಯ್ದದ್ದಕ್ಕೆ ಒಂದು ದಾರಿ ಕಾಣಿಸಬಲ್ಲವರು ಮಾತ್ರ ಅದಕ್ಕೆ ಕೈ ಹಾಕಬೇಕು ಎಂಬುದು ನನ್ನ ವಾದ.

ಮೊದಲು ಉಸಿರಿನ ವಿಷಯ. ಗಿಡ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ ಎಂದು ಶಾಲೆಯಲ್ಲಿ ಕಲಿತದ್ದು ಸುಳ್ಳಲ್ಲ. ಆದರೆ ತೇಲುಗಿಡದ ಎಲೆ ಇರುವುದು ನೀರಿನಿಂದ ಮೇಲೆ, ಅದರ ಪತ್ರರಂಧ್ರಗಳು ತೆರೆದುಕೊಳ್ಳುವುದು ಗಾಳಿಗೆ. ಅದು ಬಿಟ್ಟ ಆಮ್ಲಜನಕದ ಬಹುಪಾಲು ಹಿತ್ತಲ ಗಾಳಿಗೆ ಸೇರುತ್ತದೆ, ಅಲ್ಲಿ ಅದಕ್ಕೇನೂ ಬರವಿರಲಿಲ್ಲ. ಬರವಿರುವುದು ನೀರಿನಲ್ಲಿ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಳ್ಳುವುದು 8 ಮಿಲಿಗ್ರಾಂ ಆಸುಪಾಸು ಮಾತ್ರ. ನೀರು ಬಿಸಿಯಾದಷ್ಟೂ ಅದೂ ಇಳಿಯುತ್ತದೆ. ಇಷ್ಟು ಸಣ್ಣ ಗಂಟು ಖರ್ಚಾದ ಹಾಗೆ ಮತ್ತೆ ತುಂಬಿಕೊಳ್ಳಬೇಕಾದದ್ದು ಎರಡು ದಾರಿಯಲ್ಲಿ: ಒಂದು, ತೆರೆದ ಮೇಲ್ಮೈಯಿಂದ ಗಾಳಿ ಕರಗಿ; ಇನ್ನೊಂದು, ನೀರೊಳಗೇ ಇರುವ ಪಾಚಿ ಮತ್ತು ಹೈಡ್ರಿಲ್ಲಾದಂಥ ಮುಳುಗುಗಿಡಗಳು ಹಗಲು ಬಿಡುವುದರಿಂದ. ತೇಲುಗಿಡ ತೊಟ್ಟಿಯನ್ನು ಪೂರ್ತಿ ಹೊದ್ದುಕೊಂಡಿತೆಂದರೆ ಮೇಲ್ಮೈಯೂ ಮುಚ್ಚಿತು, ಬೆಳಕೂ ಹೋಯಿತು.

ರಾತ್ರಿಯಿಡೀ ಮೀನು, ಬೇರು, ತಳದ ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ಆ ಸಣ್ಣ ಗಂಟಿನಿಂದಲೇ ತೆಗೆಯುತ್ತಿರುತ್ತವೆ. ಅದು ತೀರಾ ಬರಿದಾಗುವುದು ಬೆಳಗಿನ ಜಾವಕ್ಕೆ. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಹೋಗಿ ನೋಡಿ. ಮೀನುಗಳು ಗಿಡಗಳ ಸಂದಿಯಲ್ಲಿ ಮೂತಿ ಮೇಲೆತ್ತಿ ಒಂದೇ ಸಮನೆ ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ್ದು. ಎಂಟು ಗಂಟೆಗೆ ಕಾಫಿ ಲೋಟ ಹಿಡಿದು ಬರುವವರಿಗೆ ಇದು ಕಾಣುವುದೇ ಇಲ್ಲ. ಬಿಸಿಲು ಏರಿರುತ್ತದೆ, ಮೀನು ಕೆಳಗಿಳಿದಿರುತ್ತವೆ. ಯಾವತ್ತೋ ಒಂದು ದಿನ ನಾಲ್ಕು ಮೀನು ಮಗುಚಿ ತೇಲಿದಾಗ ಅವರು ದೂರುವುದು ಆಹಾರದ ಡಬ್ಬಿಯನ್ನೋ ಕಾರ್ಪೊರೇಷನ್ ನೀರಿನ ಕ್ಲೋರಿನ್ನನ್ನೋ.

ತೇಲುಗಿಡದಿಂದ ಆಗುವ ಉಪಕಾರ ಬೇರೆಯೇ ಇದೆ, ಅದು ಸಣ್ಣದೂ ಅಲ್ಲ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆ 40 ಡಿಗ್ರಿ ದಾಟುವಾಗ ಎರಡಡಿ ಆಳದ ಸಿಮೆಂಟ್ ತೊಟ್ಟಿಗೆ ನೆರಳು ಬೇಕೇ ಬೇಕು. ನೆರಳು ಬಿದ್ದಲ್ಲಿ ನೀರನ್ನು ಹಸಿರಾಗಿಸುವ ಪಾಚಿಯೂ ತಗ್ಗುತ್ತದೆ. ಮರಿಗಳು ದೊಡ್ಡ ಮೀನಿನ ಬಾಯಿಂದ ತಪ್ಪಿಸಿಕೊಳ್ಳಲು, ದೊಡ್ಡ ಮೀನು ಮಿಂಚುಳ್ಳಿಯ ಕಣ್ಣಿಂದ ತಪ್ಪಿಸಿಕೊಳ್ಳಲು ಜಾಗ ಸಿಗುತ್ತದೆ. ಇವಿಷ್ಟಕ್ಕೂ ತೊಟ್ಟಿಯ ಮೂರನೇ ಒಂದು ಭಾಗ ಮುಚ್ಚಿದ್ದರೆ ಧಾರಾಳ ಸಾಕು. ಅರ್ಧ ದಾಟಿತೆಂದರೆ ಉಪಕಾರ ಅಪಕಾರದ ಕಡೆ ವಾಲುತ್ತದೆ.

ಇನ್ನು ಕ್ಲೀನಿನ ಮಾತು. ತೊಟ್ಟಿಯ ಕೊಳೆ ಎಲ್ಲಿಂದಲೋ ಹಾರಿ ಬರುವುದಿಲ್ಲ, ಹೆಚ್ಚಿನದು ನಾವೇ ಹಾಕುವ ಆಹಾರದಿಂದ. ಲೆಕ್ಕ ಹಾಕೋಣ. ಶೇ 32ರಷ್ಟು ಪ್ರೋಟೀನ್ ಇರುವ ಮೀನಿನ ಆಹಾರ 100 ಗ್ರಾಂ ಹಾಕಿದಿರಿ ಎನ್ನಿ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ 16 ಸಾರಜನಕ, ಅಂದರೆ 5 ಗ್ರಾಂ. ಅದರಲ್ಲಿ ಮೀನಿನ ಮೈಗೆ ಹತ್ತುವುದು ಮೂರರಲ್ಲಿ ಒಂದು ಪಾಲು, ಎಷ್ಟೋ ಸಲ ಅಷ್ಟೂ ಇಲ್ಲ. ಉಳಿದ ಮೂರೂವರೆ ಗ್ರಾಂ ನೀರಿಗೆ ಬೀಳುತ್ತದೆ, ಬಹುತೇಕ ಕಿವಿರಿನಿಂದ ಹೊರಬೀಳುವ ಅಮೋನಿಯಾ ಆಗಿ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ವಿಷ ತಗ್ಗುತ್ತದೆ, ಸಾರಜನಕ ಅಲ್ಲೇ ಇರುತ್ತದೆ. ಇಲ್ಲಿ ತೇಲುಗಿಡದ ಕೆಲಸ ಶುರು. ಅದು ಅಮೋನಿಯಾವನ್ನೂ ನೈಟ್ರೇಟನ್ನೂ ಬೇರಿನಿಂದ ಹೀರಿ ಎಲೆ ಮಾಡಿಕೊಳ್ಳುತ್ತದೆ. ಆದರೆ ಹಸಿ ತೇಲುಗಿಡದ ತೂಕದಲ್ಲಿ ಶೇ 95 ಬರೀ ನೀರು. ಒಂದು ಕೆಜಿಯಲ್ಲಿ ಒಣ ಪದಾರ್ಥ 50 ಗ್ರಾಂ, ಅದರಲ್ಲಿ ಸಾರಜನಕ ಶೇ 3 ಎಂದಿಟ್ಟುಕೊಂಡರೆ ಒಂದೂವರೆ ಗ್ರಾಂ. ಹಾಗಾಗಿ 100 ಗ್ರಾಂ ಆಹಾರದ ಬಾಕಿ ಚುಕ್ತಾ ಆಗಲು ಎರಡರಿಂದ ಎರಡೂವರೆ ಕೆಜಿ ಹಸಿ ಗಿಡವನ್ನು ಎತ್ತಿ ಹೊರಗೆ ಹಾಕಬೇಕು. ಇದು ಅಂದಾಜಿನ ಲೆಕ್ಕ. ಗಿಡದ ಜಾತಿ, ಆಹಾರದ ಗುಣ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಆದರೂ ತೊಟ್ಟಿಯ ಮೂಲೆಯಲ್ಲಿ ನಾಲ್ಕು ಗಿಡ ಅಂದವಾಗಿ ತೇಲಿಸಿ ನೀರು ತಾನಾಗೇ ತಿಳಿಯಾಗಲಿ ಎಂದು ಕಾಯುವುದು ಎಂಥ ಆಸೆ ಎಂದು ತೋರಿಸಲು ಇಷ್ಟು ಸಾಕು.

ಹೊರಗೆ ಹಾಕದಿದ್ದರೆ ಏನಾಗುತ್ತದೆ? ಹಳೆಯ ಎಲೆ ಹಳದಿಯಾಗಿ, ಕಂದಾಗಿ, ತಳಕ್ಕಿಳಿದು ಕೊಳೆಯುತ್ತದೆ. ಹೀರಿಕೊಂಡ ಸಾರಜನಕ, ರಂಜಕ ಎರಡೂ ನೀರಿಗೆ ವಾಪಸ್ ಬರುತ್ತವೆ, ಜೊತೆಗೆ ಕೊಳೆಯುವ ಕೆಲಸ ನೀರಿನ ಆಮ್ಲಜನಕವನ್ನೂ ಎಳೆಯುತ್ತದೆ. ಗಿಡ ಮಾಡಿದ್ದಿಷ್ಟೇ: ಕರಗಿಹೋಗಿದ್ದ ಕೊಳೆಯನ್ನು ಎಲೆಯಾಗಿ ಕಟ್ಟಿ ನಮ್ಮ ಕೈಗೆಟಕುವ ಹಾಗೆ ಮೇಲಿಟ್ಟಿತು. ಎತ್ತುವ ಕೆಲಸ ನಮ್ಮದು. ಗೋಲ್ಡ್‌ಫಿಶ್, ಕೋಯಿ ಮೀನುಗಳು ಡಕ್‌ವೀಡ್ ಎಂಬ ಪುಟ್ಟ ತೇಲುಗಿಡವನ್ನು ತಿಂದು ಮುಗಿಸುತ್ತವಲ್ಲ ಎನ್ನುವವರಿದ್ದಾರೆ. ಅವು ತಿಂದದ್ದೂ ಅದೇ ನೀರಿಗೇ ಬರುತ್ತದೆ. ಅಷ್ಟರ ಮಟ್ಟಿಗೆ ಡಬ್ಬಿಯ ಆಹಾರ ಕಡಿಮೆ ಮಾಡಿದರೆ ಲಾಭ, ಇಲ್ಲದಿದ್ದರೆ ಇಲ್ಲ.

ವಾಟರ್ ಹಯಸಿಂತ್‌ನಿಂದ ಕೊಳಚೆ ನೀರನ್ನೇ ಶುದ್ಧ ಮಾಡುತ್ತಾರಂತೆ ಎಂಬ ಉದಾಹರಣೆಯೂ ಈ ಚರ್ಚೆಯಲ್ಲಿ ತಪ್ಪದೆ ಬರುತ್ತದೆ. ಮಾಡುತ್ತಾರೆ, ನಿಜ. ಅಲ್ಲಿ ಗಿಡ ಬೆಳೆದ ಹಾಗೆಲ್ಲ ಎತ್ತುವ ಏರ್ಪಾಟಿರುತ್ತದೆ. ಗಿಡ ಇದ್ದ ಮಾತ್ರಕ್ಕೆ ನೀರು ಶುದ್ಧವಾಗುವುದಾದರೆ ಹಯಸಿಂತ್ ಹೊದ್ದಿದ್ದ ಬೆಂಗಳೂರಿನ ಬೆಳ್ಳಂದೂರು ಕೆರೆ ಎಂದೋ ಕುಡಿಯುವ ನೀರಿನ ಕೆರೆಯಾಗಬೇಕಿತ್ತು.

ಯಾವ ಗಿಡ ಎಂಬ ಪ್ರಶ್ನೆಗೆ ಬಂದರೆ ನನ್ನ ನಿಲುವು ಗಟ್ಟಿ. ನೇರಳೆ ಹೂವಿನ ವಾಟರ್ ಹಯಸಿಂತ್ ಬೇಡವೇ ಬೇಡ. ಇದನ್ನೂ, ಪುಟ್ಟ ಎಲೆಕೋಸಿನಂತೆ ಕಾಣುವ ಪಿಸ್ಟಿಯಾವನ್ನೂ ನಮ್ಮ ಜನ ಅಂತರಗಂಗೆ ಎಂದೇ ಕರೆಯುವುದುಂಟು, ಆದ್ದರಿಂದ ಕೊಳ್ಳುವಾಗ ಗಿಡವನ್ನು ಕಣ್ಣಾರೆ ನೋಡಿ. ಹಯಸಿಂತ್‌ನ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಹೂವಿನ ಚಂದಕ್ಕೆ ಮರುಳಾಗಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದರು. ನಾಲ್ಕು ದಶಕ ಕಳೆಯುವುದರೊಳಗೆ ಅಲ್ಲಿನ ಹೊಳೆ, ಕಾಲುವೆ, ಗದ್ದೆಗಳೆಲ್ಲ ಅದರ ಪಾಲಾಗಿ, ಸರ್ಕಾರ 1936ರಲ್ಲಿ ಅದಕ್ಕೆಂದೇ ಕಾನೂನು ಮಾಡಬೇಕಾಯಿತು. 1937ರ ಚುನಾವಣೆಯಲ್ಲಿ ಬಂಗಾಳವನ್ನು ಈ ಗಿಡದಿಂದ ಬಿಡಿಸುತ್ತೇವೆ ಎಂಬ ಭರವಸೆ ಪಕ್ಷಗಳ ಪ್ರಣಾಳಿಕೆಯಲ್ಲೇ ಇತ್ತು. ಒಂದು ಕೊಳದ ಹೂಗಿಡ ವಿಧಾನಸಭೆಯ ಚುನಾವಣೆಗೆ ಇಳಿದ ಇನ್ನೊಂದು ನಿದರ್ಶನ ನನಗೆ ನೆನಪಾಗುವುದಿಲ್ಲ. ಯುರೋಪಿಯನ್ ಒಕ್ಕೂಟ 2016ರಲ್ಲಿ ಇದರ ಮಾರಾಟವನ್ನೂ ಸಾಕಣೆಯನ್ನೂ ನಿಷೇಧಿಸಿತು. ನಮ್ಮಲ್ಲಿ ಇವತ್ತಿಗೂ ನರ್ಸರಿಗಳಲ್ಲಿ ಟಬ್ಬಿನಲ್ಲಿಟ್ಟು ಮಾರುತ್ತಾರೆ. ಅದರ ಬೀಜ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲದು. ತೊಟ್ಟಿ ಬತ್ತಿಸಿ ಮುಗಿಯಿತು ಎನ್ನುವ ಹಾಗಿಲ್ಲ.

ಸಾಲ್ವೀನಿಯಾ ಇನ್ನೂ ಕುತೂಹಲದ ಗಿಡ. ನರ್ಸರಿಯ ಹುಡುಗರಿಗೆ ಇದು ಅಚ್ಚುಮೆಚ್ಚು, ಏಕೆಂದರೆ ಹಾಳಾಗುವುದೇ ಇಲ್ಲ. ಒಂದು ಎಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಎಲೆಯ ಮೇಲೆಲ್ಲ ಸಾಲುಸಾಲಾಗಿ ನಿಂತ ಬಿಳಿ ರೋಮ. ಪ್ರತಿ ರೋಮದ ತುದಿ ನಾಲ್ಕು ಎಳೆಯಾಗಿ ಕವಲೊಡೆದು, ಮತ್ತೆ ಮೇಲೆ ಕೂಡಿಕೊಂಡು, ಥೇಟ್ ಕಡಗೋಲಿನ ತಲೆ. ಆ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಎಲೆಯನ್ನು ಬೆರಳಿನಿಂದ ಒತ್ತಿ ನೀರಿಗೆ ಅದ್ದಿದರೆ ಬೆಳ್ಳಗೆ ಹೊಳೆಯುತ್ತದೆ, ಬಿಟ್ಟರೆ ಒಣಗಿದ ಮೈಯಲ್ಲೇ ಪುಟಿದು ಮೇಲೆ ಬರುತ್ತದೆ. ಈ ಜಾತಿ, ಸಾಲ್ವೀನಿಯಾ ಮೊಲೆಸ್ಟಾ, ಬಂಜೆ. ಅದಕ್ಕೆ ಮೊಳೆಯುವ ಬೀಜಾಣುಗಳಿಲ್ಲ. ಆಗ್ನೇಯ ಬ್ರೆಜಿಲ್‌ನಿಂದ ಹೊರಟು ಆಫ್ರಿಕಾ, ಆಸ್ಟ್ರೇಲಿಯಾ, ಕೇರಳಗಳನ್ನು ಆವರಿಸಿದ್ದು ಬರೀ ಮುರಿದ ತುಂಡುಗಳಿಂದ. ಕೇರಳದಲ್ಲಿ ಅದನ್ನು ಆಫ್ರಿಕನ್ ಪಾಯಲ್ ಎನ್ನುತ್ತಾರೆ. ಕುಟ್ಟನಾಡಿನ ಕಾಲುವೆಗಳಲ್ಲಿ ಒಂದು ಕಾಲಕ್ಕೆ ದೋಣಿ ಸಾಗದ ಹಾಗೆ ಮಾಡಿತ್ತು.

ಇದಕ್ಕೆ ಮದ್ದು ಸಿಕ್ಕ ಕಥೆಯಲ್ಲಿ ಬೆಂಗಳೂರಿನ ಒಂದು ಸಣ್ಣ ಕೊಳವಿದೆ. ಸಾಲ್ವೀನಿಯಾ ತಿನ್ನುವ ಎರಡು ಮಿಲಿಮೀಟರ್ ಉದ್ದದ ಮೂತಿಹುಳುವನ್ನು ಆಸ್ಟ್ರೇಲಿಯಾದಿಂದ ತರಿಸಿ 1983-84ರಲ್ಲಿ ಬೆಂಗಳೂರಿನ ನೈದಿಲೆ ಕೊಳವೊಂದಕ್ಕೆ ಬಿಟ್ಟರು. ಹನ್ನೊಂದು ತಿಂಗಳಲ್ಲಿ ಸಾಲ್ವೀನಿಯಾ ಕಂದಾಗಿ ಕುಸಿಯಿತು, ಅದರಡಿ ಸೊರಗಿದ್ದ ನೈದಿಲೆ ಮತ್ತೆ ಚಿಗುರಿತು. ಅದೇ ಹುಳು ಆಮೇಲೆ ಕೇರಳಕ್ಕೆ ಹೋಗಿ ಕಾಲುವೆಗಳನ್ನು ತೆರವು ಮಾಡಿತು. ಒಳ್ಳೆಯ ವಿಜ್ಞಾನ, ಸಂತೋಷವೇ. ಆದರೆ ಒಂದು ನೈದಿಲೆ ಕೊಳವನ್ನು ಉಳಿಸಲು ಸಾಗರದಾಚೆಯಿಂದ ಹುಳು ತರಿಸಬೇಕಾದ ಗಿಡವನ್ನು ನಾವು ಕವರಿಗೆ ಇಷ್ಟು ಎಂದು ದುಡ್ಡು ಕೊಟ್ಟು ಮನೆಗೆ ತರುತ್ತಿದ್ದೇವೆ.

ಅಜೋಲಾಕ್ಕೆ ಇಂಥ ಕೆಟ್ಟ ಹೆಸರಿಲ್ಲ. ಕೃಷಿ ವಿಜ್ಞಾನ ಕೇಂದ್ರಗಳು ಅದರ ಬಿತ್ತನೆ ಕೊಡುತ್ತವೆ, ಹಸು, ಕೋಳಿಗಳಿಗೆ ಒಳ್ಳೆಯ ಮೇವು. ಆದರೆ ಮೀನಿನ ತೊಟ್ಟಿಯನ್ನು ಶುದ್ಧ ಮಾಡಲು ಅಜೋಲಾ ಎಂಬ ಸಲಹೆ ಕೇಳಿದಾಗ ನನಗೆ ನಗು ಬರುತ್ತದೆ. ಅದರ ಎಲೆಯೊಳಗೆ ಮನೆ ಮಾಡಿಕೊಂಡಿರುವ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಉಣಿಸುತ್ತದೆ. ಭತ್ತದ ಗದ್ದೆಗೆ ಅದನ್ನು ಬಿಡುವುದೇ ಆ ಗುಣಕ್ಕಾಗಿ. ಸಾರಜನಕ ಜಾಸ್ತಿಯಾಗಿ ಒದ್ದಾಡುತ್ತಿರುವ ತೊಟ್ಟಿಗೆ ಸಾರಜನಕ ತರುವ ಗಿಡ! ರಂಜಕವನ್ನು ಹೀರುತ್ತದೆ, ಅಷ್ಟು ನಿಜ. ಮನೆಯಲ್ಲಿ ಹಸುವೋ ನಾಲ್ಕು ನಾಟಿಕೋಳಿಯೋ ಇದ್ದರೆ ಅಜೋಲಾಕ್ಕೆ ಬೇರೆಯೇ ಒಂದು ಗುಂಡಿ ಮಾಡುವುದು ವಾಸಿ.

ನನ್ನ ಮತ ಡಕ್‌ವೀಡ್‌ಗೆ. ಸಾಸಿವೆ ಕಾಳಿಗಿಂತ ಒಂದಿಷ್ಟು ದೊಡ್ಡ ಹಸಿರು ಬಿಲ್ಲೆ, ಕೆಳಗೊಂದು ದಾರದೆಳೆಯ ಬೇರು. ನಮ್ಮ ಕೆರೆ ಕಟ್ಟೆಗಳಲ್ಲಿ ಮೊದಲಿಂದಲೂ ಇರುವಂಥದ್ದು, ತಪ್ಪಿಸಿಕೊಂಡು ಹೋದರೂ ಹೊಸ ಅತಿಥಿಯಲ್ಲ. ಅನುಕೂಲದ ಕಾಲದಲ್ಲಿ ಎರಡು ಮೂರು ದಿನಕ್ಕೇ ಇಮ್ಮಡಿಯಾಗುತ್ತದೆ, ಆದ್ದರಿಂದ ಕೊಯ್ಲು ತಪ್ಪಿಸುವ ಹಾಗಿಲ್ಲ. ಟೀ ಸೋಸುವ ದೊಡ್ಡ ಜರಡಿಯಿಂದ ಬಾಚಿದರೆ ಬಂತು. ಕೋಳಿಗೆ ಹಾಕಿ, ಕರಿಬೇವಿನ ಬುಡಕ್ಕೆ ಹಾಕಿ. ನೋಡಲು ಏನೂ ಅಲ್ಲ, ಯಾರೂ ಅದರ ಫೋಟೊ ತೆಗೆಯುವುದಿಲ್ಲ. ಗಾಳಿ ಬೀಸಿದರೆ ಒಂದು ಮೂಲೆಗೆ ಹೋಗಿ ಗುಡ್ಡೆಯಾಗುವ ಬುದ್ಧಿ ಬೇರೆ. ಬಿದಿರಿನ ದಬ್ಬೆಯ ಚೌಕಟ್ಟು ಮಾಡಿ ಅದರೊಳಗೆ ಕೂಡಿಟ್ಟರೆ ನಿಲ್ಲುತ್ತದೆ. ಚೌಕಟ್ಟಿನ ಅಳತೆಯೇ ಮೂರನೇ ಒಂದು ಭಾಗ ಎಂದು ಮಾಡಿಕೊಂಡರೆ ಬೇರೆ ಲೆಕ್ಕ ಇಡಬೇಕಿಲ್ಲ, ಆಚೆ ಕಂಡದ್ದೆಲ್ಲ ಕೊಯ್ಲಿಗೆ.

ಪಿಸ್ಟಿಯಾವನ್ನು ಬೆಳೆಸಬಾರದೇಕೆ, ನಮ್ಮ ನಾಡಿನಲ್ಲಿ ಹಳೆಯದಲ್ಲವೇ ಎಂದರೆ ಉತ್ತರ ಸೊಳ್ಳೆಯಲ್ಲಿದೆ. ಸಾಮಾನ್ಯ ಸೊಳ್ಳೆಯ ಮರಿ ಉಸಿರಾಡಲು ಮೇಲ್ಮೈಗೆ ಬರಲೇಬೇಕು, ಅಲ್ಲಿ ಗಪ್ಪಿ ಮೀನು ಅದನ್ನು ಹಿಡಿಯುತ್ತದೆ. ಮ್ಯಾನ್ಸೋನಿಯಾ ಎಂಬ ಸೊಳ್ಳೆಯ ದಾರಿ ಬೇರೆ. ಅದು ಪಿಸ್ಟಿಯಾದಂಥ ಗಿಡದ ಎಲೆಯಡಿ ಮೊಟ್ಟೆಯಿಡುತ್ತದೆ. ಮರಿ ತನ್ನ ಚೂಪಾದ ನಳಿಕೆಯನ್ನು ಬೇರಿಗೆ ಚುಚ್ಚಿ, ಅದರೊಳಗಿನ ಗಾಳಿಯನ್ನೇ ಉಸಿರಾಡುತ್ತ ನೀರಡಿಯಲ್ಲೇ ಇದ್ದುಬಿಡುತ್ತದೆ. ಪೊದೆ ಬೇರಿನ ಮರೆಯಲ್ಲಿ ಮೀನಿನ ಕಣ್ಣಿಗೂ ಬೀಳುವುದಿಲ್ಲ. ಕೇರಳದ ಚೇರ್ತಲದಲ್ಲಿ ಮನೆಮನೆಯ ಕೊಳಗಳಲ್ಲಿ ತೆಂಗಿನ ಗೊಬ್ಬರಕ್ಕೆಂದು ಪಿಸ್ಟಿಯಾ ಬೆಳೆಯುತ್ತಿದ್ದರು, ಅದೇ ಊರು ಆನೆಕಾಲು ರೋಗದ ತವರಾಗಿತ್ತು. 1980ರ ದಶಕದಲ್ಲಿ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದವರು ಅಲ್ಲಿ ಕೆಲಸ ಮಾಡಿದಾಗ ಹಿಡಿದ ಉಪಾಯ ನನಗೆ ತುಂಬ ಹಿಡಿಸುತ್ತದೆ. ಕೊಳದಲ್ಲಿ ಹುಲ್ಲುಗೆಂಡೆ ಮುಂತಾದ, ಜನ ತಿನ್ನುವ ಮೀನು ಸಾಕಲು ಜನರನ್ನು ಹುರಿದುಂಬಿಸಿದರು. ಮೀನಿನಿಂದ ಕಾಸು ಬರುತ್ತದೆಂದಾಗ ಕಳೆಯನ್ನು ಜನರೇ ಕಿತ್ತರು. ಕೊಳದ ಕಳೆ ತೆಗೆಯಿರಿ ಎಂಬ ಉಪದೇಶಕ್ಕಿಂತ ತೆಗೆಯಲು ಒಂದು ಕಾರಣ ಕೊಡುವುದು ಮೇಲು. ತೇಲುಗಿಡ ಆಯ್ದುಕೊಳ್ಳುವಾಗ ಅದನ್ನು ತಿನ್ನುವ ಬಾಯಿ ಮನೆಯಲ್ಲಿ ಇದೆಯೇ ಎಂದು ನಾನು ಮೊದಲು ಕೇಳುವುದು ಇದಕ್ಕೇ.

ಇಷ್ಟು ಹೇಳಿದ ಮೇಲೆ, ಪರದೇಶದ್ದೆಲ್ಲ ಬೇಡ ಎನ್ನುವ ಹಟ ನನ್ನದು ಎಂದುಕೊಳ್ಳಬೇಡಿ. ಸೊಳ್ಳೆಗೆಂದು ನಾವು ಬಿಡುವ ಗಪ್ಪಿಯೂ ಹೊರಗಿನದೇ. ಸೊಳ್ಳೆಮರಿ ತಿನ್ನುವ ಇನ್ನೊಂದು ಮೀನು ಗಂಬೂಸಿಯಾ 1928ರಲ್ಲಿ ಇಟಲಿಯಿಂದ ಬಂದದ್ದು. ತೊಟ್ಟಿಯೊಳಗೆ ಉಳಿಯುವಂಥದ್ದಾದರೆ ಯಾವ ದೇಶದ್ದಾದರೂ ನನ್ನ ತಕರಾರಿಲ್ಲ. ತಕರಾರಿರುವುದು ತೇಲುಗಿಡ ಉಳಿಯುವುದಿಲ್ಲ ಎಂಬಲ್ಲಿ. "ನನ್ನ ಮನೆಯ ಟಬ್ಬು, ನನ್ನ ಗಿಡ, ಇದರಲ್ಲಿ ಊರಿಗೇನು" ಎನ್ನುವವರು ಜೂನ್ ತಿಂಗಳ ಒಂದು ಜೋರು ಮಳೆಯಲ್ಲಿ ತಮ್ಮ ತೊಟ್ಟಿಯ ಪಕ್ಕ ನಿಲ್ಲಬೇಕು. ನೀರು ತುಂಬಿ ಅಂಚು ದಾಟುವಾಗ ಮೊದಲು ಹೊರಡುವುದು ತಳದ ಕೆಸರಲ್ಲ, ಮೀನೂ ಅಲ್ಲ, ಮೇಲೆ ತೇಲುತ್ತಿರುವುದೇ. ಬೆಂಗಳೂರಿನಲ್ಲಾದರೆ ಚರಂಡಿ, ರಾಜಕಾಲುವೆ, ಕೆರೆ. ಮಲೆನಾಡಿನಲ್ಲಾದರೆ ತೋಟದ ಕಪ್ಪು (ಬಸಿಗಾಲುವೆ), ಹಳ್ಳ, ಅಣೆಕಟ್ಟಿನ ಹಿನ್ನೀರು. ಸಾಲ್ವೀನಿಯಾಕ್ಕೆ ಒಂದು ತುಂಡು ಸಾಕು ಎಂಬುದು ನೆನಪಿರಲಿ.

ಆದ್ದರಿಂದ ತೊಟ್ಟಿಯ ಹೆಚ್ಚುವರಿ ನೀರು ಹೊರಹೋಗುವ ಪೈಪು ಅಂಚಿಗಿಂತ ನಾಲ್ಕು ಬೆರಳು ಕೆಳಗಿರಲಿ, ಅದರ ಬಾಯಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟಿ. ಜಾಲರಿ ಕಟ್ಟಿಕೊಳ್ಳುತ್ತದೆ, ಮಳೆಗಾಲದಲ್ಲಿ ಆಗಾಗ ಉಜ್ಜಬೇಕು. ವಾರಕ್ಕೊಮ್ಮೆ ಬಾಚಲು, ಜಾಲರಿ ಉಜ್ಜಲು ಪುರುಸೊತ್ತಿಲ್ಲದವರು ಕುಂಡದಲ್ಲಿ ಒಂದು ನೈದಿಲೆ ಗೆಡ್ಡೆ ನೆಟ್ಟು ತೊಟ್ಟಿಯ ತಳದಲ್ಲಿಡಲಿ. ಎಲೆ ಮೇಲೆ ಹರಡಿ ನೆರಳು ಕೊಡುತ್ತದೆ, ಬೇರು ಕುಂಡದಲ್ಲೇ ಇರುತ್ತದೆ, ಮಳೆ ಬಂದರೆ ಎಲ್ಲಿಗೂ ಹೋಗುವುದಿಲ್ಲ. ಹೂವೂ ಹಯಸಿಂತ್‌ಗಿಂತ ಯಾವ ಲೆಕ್ಕದಲ್ಲೂ ಕಡಿಮೆಯಲ್ಲ. ತಿಂಗಳಿಗೊಮ್ಮೆ ಹಳದಿಯಾದ ನಾಲ್ಕು ಎಲೆ ಚಿವುಟಿದರೆ ಸಾಕು.

ಬಾಡಿಗೆ ಮನೆ ಬಿಡುವಾಗ ಮಾತ್ರ ಹುಷಾರು. ಮೀನು, ಗಿಡ ಎಲ್ಲವನ್ನೂ ಬಕೆಟ್ಟಿಗೆ ತುಂಬಿ ಹತ್ತಿರದ ಕೆರೆಗೆ ಬಿಟ್ಟು, ಒಂದಿಷ್ಟು ಜೀವ ಉಳಿಸಿದೆವು ಎಂದು ಸಮಾಧಾನ ಪಡುವವರು ಬಹಳ. ಮೀನನ್ನು ಸಾಕುವವರಿಗೆ ಯಾರಿಗಾದರೂ ಕೊಡಿ. ಗಿಡವನ್ನು ತಾರಸಿಯ ಮೇಲೆ ಬಿಸಿಲಿಗೆ ತೆಳ್ಳಗೆ ಹರವಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಹೂಕುಂಡದ ಮಣ್ಣಿಗೆ ಸೇರಿಸಿ.